ಮೂರು ಸಲ ಹೇಳಿದ್ದು

ಜೂನ್ 11

ಮಗಳೇ,

ಇನ್ನು ಫೋನ್ ಮಾಡಬೇಡಿ, ಹೇಳುವುದಿದ್ದರೆ ಬರೆಯಿರಿ ಎಂದೆಯಲ್ಲ, ಇಗೋ ಬರೆಯುತ್ತಿದ್ದೇನೆ. ಜೀವಮಾನವಿಡೀ ಮೈಕಿನ ಮುಂದೆ ಕೂತವನಿಗೆ ಪೆನ್ನು ಹಿಡಿಯುವುದೆಂದರೆ ಎಡಗೈಯಲ್ಲಿ ಗಡ್ಡ ಹೆರೆದುಕೊಂಡ ಹಾಗೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ರೈಲು ನಿಲ್ದಾಣದಲ್ಲಿ ಈಗ ನನ್ನ ಜಾಗದಲ್ಲಿ ಯಂತ್ರದ ಹೆಂಗಸೊಬ್ಬಳು ಮಾತಾಡುತ್ತಾಳೆ. ರೈಲು ತಡವಾದರೆ ವಿಷಾದಿಸುತ್ತೇವೆ ಅನ್ನುತ್ತಾಳೆ, ದನಿಯಲ್ಲಿ ವಿಷಾದ ಎಳ್ಳಷ್ಟೂ ಇಲ್ಲ. ಅದೂ ಒಂದೇ ಸಲ ಹೇಳಿ ಸುಮ್ಮನಾಗುತ್ತಾಳೆ. ನಾನು ಏನಿದ್ದರೂ ಮೂರು ಸಲ ಹೇಳುತ್ತಿದ್ದೆ. ಮೊದಲನೆಯದು ಕಿವಿಗೆ, ಎರಡನೆಯದು ತಲೆಗೆ, ಮೂರನೆಯದಕ್ಕೆ ಜನ ಎದ್ದು ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದರು.

ನಿವೃತ್ತನಾದ ಮೇಲೆ ದಿನಾ ಗ್ರಂಥಾಲಯಕ್ಕೆ ಹೋಗುತ್ತೇನೆ. ಅಲ್ಲಿ ಪುಸ್ತಕ ಕೊಡುವಾಕೆ ಒಂದು ದಿನ, "ಅದೇ ಪೇಪರ್‌ನ ಎಷ್ಟು ಸಲ ಓದ್ತೀರಿ ಸರ್, ಕಂಪ್ಯೂಟರ್ ಖಾಲಿ ಇದೆ, ಏನಾದ್ರೂ ಕಲೀರಿ. ಆನ್‌ಲೈನ್ ಕೋರ್ಸು, ಒಂದು ಪೈಸೆ ಕೊಡೋ ಹಾಗಿಲ್ಲ" ಎಂದಳು. ಅಲ್ಲಿ ಏನುಂಟು ಏನಿಲ್ಲ! ಪೆನ್ಸಿಲ್ ಚಿತ್ರದ ಕೋರ್ಸಿಗೆ ಸೇರಿದೆ, ಎರಡು ವಾರ ಬರೀ ಚೆಂಡು ಬರೆಸಿದರು, ಬಿಟ್ಟೆ. ಚದುರಂಗದ ಕೋರ್ಸಿನಲ್ಲಿ ಆನೆಯವರೆಗೆ ಬಂದೆ. ಹಗ್ಗಕ್ಕೆ ಗಂಟು ಹಾಕುವ ಕೋರ್ಸು ಮಾತ್ರ ಪೂರ್ತಿ ಮುಗಿಸಿದ್ದೇನೆ. ಈಗ ಮನೆಯ ಪರದೆ, ಚೀಲ, ಬಕೆಟ್ಟು ಎಲ್ಲಕ್ಕೂ ಹಡಗಿನವರು ಹಾಕುವ ಗಂಟು. "ಬಿಚ್ಚೋ ಕೋರ್ಸ್ ಯಾವಾಗ ಬರುತ್ತೆ ಕೇಳಿ ಬನ್ನಿ" ಅನ್ನುತ್ತಾಳೆ ನಿನ್ನಮ್ಮ.

ಫೋನಿನಲ್ಲಿ ಮಗು ಬುಗುರಿಯ ಮೇಲೆ ಕೂಗಿದೆ ಅಂದೆಯಲ್ಲ, ಅದು ತಪ್ಪು. ನಾನು ಕೂಗಲಿಲ್ಲ, ಬಿಡಿಸಿ ಹೇಳಿದೆ. ತಾ, ತ. ಎರಡೇ ಅಕ್ಷರ. ಮೂರು ವರ್ಷದವಳಿದ್ದಾಗ ಸೌಟನ್ನು ಮೈಕ್ ಮಾಡಿಕೊಂಡು "ಪಯಾಣಿಕರ ಗಮನಕ್ಕೆ" ಅನ್ನುತ್ತಿದ್ದ ಮೊಮ್ಮಗಳು ಅವಳು. ಆ ಜ್ವರ ಕಿವಿಯನ್ನು ತೆಗೆದುಕೊಂಡು ಹೋಯಿತು, ಒಪ್ಪುತ್ತೇನೆ. ನಾಲಿಗೆಯನ್ನಲ್ಲವಲ್ಲ. ಒಮ್ಮೆ ಬಂದ ಮಾತು ಎಲ್ಲಿಗೆ ಹೋಗುತ್ತದೆ?

ಇನ್ನೊಬ್ಬ ಒಳ್ಳೆಯ ಡಾಕ್ಟರ ವಿಳಾಸ ಸಿಕ್ಕಿದೆ. ಈ ತಿಂಗಳ ಕೊನೆಯ ಶನಿವಾರ ಬರುತ್ತಿದ್ದೇನೆ.

ಇತಿ,
ನಿನ್ನ ಅಪ್ಪ


ಜೂನ್ 20

ಅಪ್ಪ,

ಶನಿವಾರ ಬರಬೇಡಿ.

ಕಳೆದ ಸಲ ನೀವು ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ಬಾಯಿ ಅಗಲಿಸಿ ತಾ, ತ ಎಂದಾಗ ಅವಳಿಗೆ ದನಿ ಕೇಳಿಸಲಿಲ್ಲ. ಸಿಟ್ಟಾದ ಒಂದು ಮುಖ ಕಾಣಿಸಿತು, ಅಷ್ಟೆ. ಅದೇ ಸಿಟ್ಟು ಮತ್ತೆ ಮತ್ತೆ ಮೂರು ಸಲ. ಮಂಚದ ಕೆಳಗೆ ಹೋಗಿ ಸೇರಿಕೊಂಡವಳನ್ನು ಹೊರಗೆ ಕರೆಯಲು ನನಗೆ ಸಂಜೆಯಾಯಿತು. ಫೋನ್ ಬೇಡವೆಂದದ್ದು ಅದಕ್ಕೆ. ಡಾಕ್ಟರೂ ಬೇಡ. ನಾವು ಊರು ಬಿಟ್ಟು ಊರಿಗೆ ಬಂದದ್ದು ಈ ಶಾಲೆಗಾಗಿ. ಆರು ವರ್ಷದವಳಿಗೆ ಈಗ ತಾನೇ ಮತ್ತೆ ಮಾತು ಬರುತ್ತಿದೆ, ಕೈಯಲ್ಲಿ. ಮನೆಗೆ ಬಂದರೆ ಬಾಗಿಲಿಂದ ಅಡುಗೆಮನೆಯವರೆಗೆ ಕೈ ಆಡಿಸುತ್ತಲೇ ಬರುತ್ತಾಳೆ. ಅರ್ಧ ನನಗೆ ಅರ್ಥವಾಗುವುದಿಲ್ಲ.

ನಿಮ್ಮ ಅಳಿಯ ಲಾರಿ ತೆಗೆದುಕೊಂಡು ಹೊರಟರೆ ಎರಡು ವಾರ ಇತ್ತ ತಲೆ ಹಾಕುವ ಹಾಗಿಲ್ಲ. ಇವರು ಹೋದ ದಿನದಿಂದ ಅವಳಿಗೆ ಕಿಟಕಿಯೇ ಮನೆ. ಅಪ್ಪ ಎಲ್ಲಿ ಎಂದು ಕೇಳುತ್ತಾಳೆ. ರಸ್ತೆ, ಬರುತ್ತಾರೆ. ಈ ಎರಡೇ ನನಗೆ ತೋರಿಸಲು ಬರುವುದು. ಅವಳು ಇನ್ನೂ ಏನೋ ಕೇಳುತ್ತಾಳೆ, ನಾನು ರಸ್ತೆ, ಬರುತ್ತಾರೆ ಎಂದು ಮತ್ತೆ ತೋರಿಸುತ್ತೇನೆ.

ನೀವು ಕಲಿಯುತ್ತಿರುವುದು ಕೇಳಿ ಖುಷಿಯಾಯಿತು. ಅಮ್ಮನ ಮೊಣಕಾಲು ಹೇಗಿದೆ ಎಂದು ನೀವು ಬರೆಯಲಿಲ್ಲ.

ನಿಮ್ಮ ಮಗಳು


ಆಗಸ್ಟ್ 30

ಮಗಳೇ,

ಬರಬೇಡಿ ಎಂದೆ, ಬರಲಿಲ್ಲ. ಬಾಯಿ ಮುಚ್ಚಿಕೊಂಡು ಎರಡು ತಿಂಗಳು ಕಳೆದಿದ್ದೇನೆ. ಬಾಯಿ ಮುಚ್ಚಿಕೊಂಡು ಎನ್ನುವುದರಲ್ಲಿ ಒಂದು ಗುಟ್ಟಿದೆ, ಆದರೆ ಅದನ್ನು ಈಗಲೇ ಹೇಳುವುದಿಲ್ಲ.

ಹೊಸ ಕೋರ್ಸೊಂದಕ್ಕೆ ಸೇರಿದ್ದೇನೆ. ಇದೂ ಬಿಟ್ಟಿಯೇ. ಟೀಚರು ಪಾಠ ಮುಗಿಯುವವರೆಗೆ ಒಂದು ಸಲವೂ ಬಾಯಿ ಬಿಡುವುದಿಲ್ಲ. ಗ್ರಂಥಾಲಯದಾಕೆ ಬಂದು, "ಹೆಡ್‌ಫೋನ್ ಕೆಟ್ಟಿದ್ಯಾ ಸರ್, ಬೇರೆ ಕೊಡ್ಲಾ" ಎಂದು ಕೇಳಿದಳು. ಬೇಡಮ್ಮ, ಇದು ಕಿವಿಯ ಪಾಠವಲ್ಲ ಎಂದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತೇನೆ. ಬೆರಳುಗಳು ಮೊದಲು ಹೇಳಿದ ಮಾತು ಕೇಳುತ್ತಿರಲಿಲ್ಲ, ಈಗ ದಾರಿಗೆ ಬಂದಿವೆ. ಹಡಗಿನ ಗಂಟು ಹಾಕಿದ್ದು ವ್ಯರ್ಥವಾಗಲಿಲ್ಲ.

ಕೊನೆಯ ಪಾಠದ ಪ್ರಕಾರ ಪ್ರತಿಯೊಬ್ಬರಿಗೂ ಒಂದು ಹೊಸ ಹೆಸರು ಇರುತ್ತದೆಯಂತೆ. ನನ್ನದನ್ನು ಈಗಾಗಲೇ ಆರಿಸಿಟ್ಟುಕೊಂಡಿದ್ದೇನೆ. ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂದು. ಪ್ರಮಾಣಪತ್ರವನ್ನು ಗ್ರಂಥಾಲಯದಾಕೆ ಬಣ್ಣದಲ್ಲಿ ಅಚ್ಚು ಹಾಕಿಕೊಟ್ಟಳು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಮುಂದಿನ ತಿಂಗಳು ಶಾಲೆಯಲ್ಲಿ ಮನೆಯವರೆಲ್ಲ ಬರುವ ದಿನವಿದೆ ಎಂದು ನಿನ್ನಮ್ಮನಿಗೆ ಹೇಳಿದ್ದೀಯಂತೆ. ಆ ದಿನ ನಾನು ಅಲ್ಲಿರುತ್ತೇನೆ. ಗಾಬರಿಯಾಗಬೇಡ, ಒಂದಕ್ಷರ ಮಾತಾಡುವುದಿಲ್ಲ.

ಇತಿ,
ನಿನ್ನ ಅಪ್ಪ

ಅಮ್ಮನ ಮೊಣಕಾಲು ಹಾಗೆಯೇ ಇದೆ. ಇದನ್ನು ಅವಳೇ ಬರೆಸಿದ್ದು.


ಸೆಪ್ಟೆಂಬರ್ 8

ಅಪ್ಪ,

ಶಾಲೆಯ ದಿನ ಇಪ್ಪತ್ತೆಂಟನೇ ತಾರೀಕು, ಶನಿವಾರ. ಬನ್ನಿ. ಶುಕ್ರವಾರ ರಾತ್ರಿಯ ರೈಲು ಹಿಡಿದರೆ ಬೆಳಿಗ್ಗೆ ನೇರ ಶಾಲೆಯ ಗೇಟಿಗೇ ಬರಬಹುದು. ಇವರು ಆಗ ಲಾರಿಯಲ್ಲಿರುತ್ತಾರೆ. ವಿಳಾಸ, ಔಷಧಿ ಏನೂ ತರಬೇಡಿ. ಅವಳಿಂದ ಏನನ್ನೂ ಹೇಳಿಸಲು ಹೋಗಬೇಡಿ.

ನಿಮ್ಮ ಮಗಳು


ಅಕ್ಟೋಬರ್ 3

ಅಪ್ಪ,

ನೀವು ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟಾಗ ಏನಾಯಿತೆಂದು ನಿಮಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮಗು ಗೇಟಿನ ಬಳಿ ಕುಸಿದು ಕೂತದ್ದು ಜನಜಂಗುಳಿ ನೋಡಿ ಹೆದರಿ ಎಂದುಕೊಂಡೆವು. ಈಗ ನನಗೆ ತಿಳಿದಿದೆ. ನಿಮಗೂ ತಿಳಿಯಲಿ.

ಸೋಮವಾರ ಅವಳ ಮೇಡಂಗೆ ನನ್ನ ಫೋನಿನಲ್ಲಿದ್ದ ಆ ದಿನದ ವಿಡಿಯೋ ತೋರಿಸಿದೆ. ಅವರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ನೋಡುತ್ತ ನೋಡುತ್ತ ಅವರ ಮುಖ ಬಿಗಿಯಿತು. ಆಮೇಲೆ ಒಂದು ಚೀಟಿಯಲ್ಲಿ ಬರೆದು ತಿಳಿಸಿದರು. ನೀವು ಕಲಿತದ್ದು ಸನ್ನೆ ಭಾಷೆಯೇ, ಆದರೆ ಬೇರೆ ಯಾವುದೋ ದೇಶದ್ದು. ಬಾಯಿಯ ಭಾಷೆಗಳಂತೆ ಕೈಯ ಭಾಷೆಯೂ ದೇಶಕ್ಕೊಂದು. ಇಲ್ಲಿ ಅಕ್ಷರಗಳನ್ನು ಎರಡು ಕೈಯಲ್ಲಿ ತೋರಿಸುತ್ತಾರೆ, ನಿಮ್ಮ ಕೋರ್ಸಿನಲ್ಲಿ ಒಂದೇ ಕೈ. ಇದು ಮೊದಲ ಪಾಠಕ್ಕೇ ತಿಳಿಯಬೇಕಾದ ವಿಷಯ.

ನೀವು ಗೇಟಿನ ಬಳಿ ಅವಳ ಎತ್ತರಕ್ಕೆ ಕೂತು ಮೊದಲು ಮುಷ್ಟಿಯನ್ನು ಬಾಯಿಯ ಮುಂದೆ ಹಿಡಿದಿರಿ. ಮೈಕು. ನಿಮಗೆ ನೀವೇ ಇಟ್ಟುಕೊಂಡ ಹೆಸರು. ಅವಳು ಐಸ್‌ಕ್ರೀಂ ಎಂದುಕೊಂಡು ನಕ್ಕಳು. ಆಮೇಲೆ ಅಮ್ಮನ ಅಪ್ಪ, ತಾತ ಎಂದು ತೋರಿಸಲು ಹೊರಟಿರಿ. ನಿಮ್ಮ 'ಅಮ್ಮ' ಅವಳಿಗೆ ಅರ್ಥವಾಗಲೇ ಇಲ್ಲ. ಮೀಸೆಯ ಮೇಲೆ ಬೆರಳು ಎಳೆದಿರಿ, 'ಅಪ್ಪ'. ಅದೊಂದು ಮಾತ್ರ ಇಲ್ಲಿಯೂ ಅದೇ. ಕೊನೆಗೆ ಎರಡೂ ಅಂಗೈ ಮುಂದೆ ಚಾಚಿ ನಿಧಾನವಾಗಿ ಮಗುಚಿದಿರಿ. ನಿಮ್ಮ ಕೋರ್ಸಿನಲ್ಲಿ ಅದು ತಾತ. ಇಲ್ಲಿ ಅದು ಸತ್ತುಹೋದರು.

ಅಪ್ಪ ಸತ್ತುಹೋದರು. ಅವಳಿಗೆ ನೀವು ಹೇಳಿದ್ದು ಇದು. ಒಂದು ಸಲ ಹೇಳಿ ಬಿಡಲಿಲ್ಲ, ಅವಳ ಮುಖ ಪೆಚ್ಚಾದದ್ದು ಕಂಡು ಇನ್ನೂ ದೊಡ್ಡದಾಗಿ, ಇನ್ನೂ ನಿಧಾನವಾಗಿ ಮೂರು ಸಲ ಹೇಳಿದಿರಿ. ನಗುತ್ತ ಹೇಳಿದಿರಿ.

ಆ ಎರಡು ದಿನ ಅವಳು ಏನನ್ನೂ ತಿನ್ನಲಿಲ್ಲ. ಇವರ ಹಳೆಯ ಅಂಗಿಯನ್ನು ಅಪ್ಪಿಕೊಂಡು ಕಿಟಕಿಯಲ್ಲಿ ಕೂತಳು, ನಾನು ಹತ್ತಿರ ಹೋದರೆ ಒದೆಯುತ್ತಿದ್ದಳು. ಇವರ ಫೋನು ಸಿಗುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಎಲ್ಲೋ ಲಾರಿ ನಿಲ್ಲಿಸಿ ಇವರೇ ವಿಡಿಯೋ ಕರೆ ಮಾಡಿದರು. ಅವಳು ಪರದೆಯ ಮೇಲೆ, ಇವರ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಬರುತ್ತದೆಯೇ ಎಂದು ನೋಡಿದಳು.

ನೀವು ಬೇಕೆಂದು ಮಾಡಿದ್ದಲ್ಲ, ಗೊತ್ತು. ಆದರೆ ಒಂದು ಮಾತು ಕೇಳಬಹುದಿತ್ತು. ಇಲ್ಲಿ ಏನು ಕಲಿಸುತ್ತಾರೆ, ಯಾವುದನ್ನು ಕಲಿಯಲಿ ಎಂದು ಒಂದು ಸಾಲು. ನೀವು ಯಾವತ್ತೂ ಕೇಳುವವರಲ್ಲ ಅಪ್ಪ. ನೀವು ಪ್ರಕಟಿಸುವವರು. ಬರುತ್ತಿದ್ದೇನೆ, ಇರುತ್ತೇನೆ, ಸಿಕ್ಕಿದೆ, ಆರಿಸಿದ್ದೇನೆ. ಎದುರಿಗಿರುವವರು ಪೆಟ್ಟಿಗೆ ಎತ್ತಿಕೊಂಡು ಏಳಬೇಕು, ಅಷ್ಟೆ.

ಸದ್ಯಕ್ಕೆ ಬರಬೇಡಿ. ಎಲ್ಲಿಯವರೆಗೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ನಿಮ್ಮ ಮಗಳು


ನವೆಂಬರ್ 15

ಮಗಳೇ,

ಇದು ಅಮ್ಮನ ಕಾಗದ. ನಿಮ್ಮಪ್ಪನಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ, ಅವರು ಹಜಾರದಲ್ಲೇ ಕೂತಿದ್ದಾರೆ. ಇದ್ದೂ ಇಲ್ಲದ ಹಾಗೆ ಕೂತವರಿಂದ ಮುಚ್ಚಿಡುವುದು ಏನು ಕಷ್ಟ.

ನಿನ್ನ ಕಾಗದ ಓದಿದ ದಿನ ಗೋಡೆಯ ಮೇಲಿದ್ದ ಚೌಕಟ್ಟನ್ನು ಇಳಿಸಿ ಅಟ್ಟಕ್ಕೆ ಹಾಕಿದರು. ಮನೆಯಲ್ಲಿ ಹಾಕಿದ್ದ ಗಂಟುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದರು. ಬಿಚ್ಚಿ ಎಂದು ಬಡಕೊಂಡವಳು ನಾನೇ, ಬಿಚ್ಚಿದ ಮೇಲೆ ನೋಡಲಾಗಲಿಲ್ಲ. ಗ್ರಂಥಾಲಯಕ್ಕೆ ಹೋಗುತ್ತಿಲ್ಲ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಉಪ್ಪು ಬೇಕಿದ್ದರೂ ಗದ್ದ ಎತ್ತಿ ತೋರಿಸುತ್ತಾರೆ. ಈ ಬಾಯಿಬಡುಕನನ್ನು ಕಟ್ಟಿಕೊಂಡು ನನ್ನ ಕಿವಿ ತೂತಾಯಿತು ಎಂದು ಎಷ್ಟು ಸಲ ಅಂದಿದ್ದೆನೋ. ಈಗ ಸಂಜೆ ರೇಡಿಯೋ ಹಾಕಿಕೊಂಡು ಕೂರುತ್ತೇನೆ, ಮನೆಯಲ್ಲಿ ಒಂದು ಗಂಡು ದನಿ ಇರಲಿ ಎಂದು.

ಮೊನ್ನೆ ಊಟದ ನಡುವೆ ತಟ್ಟೆ ನೋಡುತ್ತ, "ಮಗು ಎದುರಿಗೆ ನಾನು ನಗ್ತಾ ಇದ್ನಲ್ಲೇ" ಎಂದರು. ಈ ವಾರವಿಡೀ ಆಡಿದ ಮಾತು ಅದೊಂದೇ.

ನೀನು ಬರೆದದ್ದೆಲ್ಲ ಸರಿ. ಕೇಳಬೇಕಿತ್ತು, ಕೇಳಲಿಲ್ಲ. ಹುಟ್ಟಾ ಅವರು ಹಾಗೆಯೇ. ಮದುವೆಗೆ ಮುಂಚೆ ನನ್ನನ್ನೂ ಕೇಳಲಿಲ್ಲ, ಈ ತಿಂಗಳಲ್ಲಿ ಮದುವೆ ಎಂದು ತಿಳಿಸಿದರು. ಆದರೆ ನಿನಗೂ ಒಂದು ಮಾತು ಹೇಳಬೇಕು, ಸಿಟ್ಟಾದರೂ ಸರಿ. ಆಗಸ್ಟಿನ ಕಾಗದವನ್ನು ಅಂಚೆಗೆ ಹಾಕುವ ಮುಂಚೆ ನಾನೂ ಓದಿದ್ದೆ. ಬಾಯಿ ಬಿಡದ ಟೀಚರು, ಹೆಡ್‌ಫೋನು ಬೇಡದ ಪಾಠ, ಮಾತು ಕೇಳುವ ಬೆರಳು. ಇಷ್ಟು ಬಿಡಿಸಿ ಬರೆದ ಮೇಲೂ ನಿನಗೆ ಹೊಳೆಯಲಿಲ್ಲವೇ? ಹೊಳೆದಿದ್ದರೆ ಯಾವ ಪಾಠ ಅಪ್ಪ, ಎಲ್ಲಿಯದು ಎಂದು ನೀನು ಬರೆಯಬಹುದಿತ್ತು. ಅವರು ಪ್ರಕಟಿಸುವವರು, ಆಯಿತು. ನೀನು ಕೇಳಿದೆಯಾ?

ನನ್ನ ಮೊಣಕಾಲಿನ ಚಿಂತೆ ಬೇಡ. ಮಗುವನ್ನು ಚೆನ್ನಾಗಿ ನೋಡಿಕೋ.

ಅಮ್ಮ


ಜನವರಿ 22

ಅಪ್ಪ,

ಅಮ್ಮನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಉತ್ತರ ನಿಮಗೆ ಬರೆಯುತ್ತಿದ್ದೇನೆ. ಅವಳು ಏನು ಕೇಳಿದಳೆಂದು ಅವಳನ್ನೇ ಕೇಳಿ.

ಹೊಳೆದಿತ್ತು ಅಪ್ಪ. ಆಗಸ್ಟಿನಲ್ಲೇ ಹೊಳೆದಿತ್ತು. ಓದಿದ ಕೂಡಲೇ ನನಗೆ ಬಂದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಶಾಲೆಯವರೇ ಮನೆಯವರಿಗಾಗಿ ಒಂದು ಕೋರ್ಸು ಮಾಡಿ ನೆಟ್‌ನಲ್ಲಿ ಹಾಕಿದ್ದಾರೆ. ಅದೂ ಬಿಟ್ಟಿಯೇ, ಮೇಡಂ ಅವರೇ ಕಲಿಸುತ್ತಾರೆ. ಶಾಲೆಗೆ ಸೇರಿಸಿದ ದಿನವೇ ಅದರ ವಿಳಾಸ ಕೊಟ್ಟಿದ್ದರು. ಆಗ ನಾನು ನಾಲ್ಕನೆಯ ಪಾಠ ದಾಟಿರಲಿಲ್ಲ. ಕೆಲಸ ಮುಗಿಸಿ ಬಂದು ಪರದೆಯ ಮುಂದೆ ಕೂತರೆ ಬೆರಳು ಗಂಟಾಗುತ್ತಿದ್ದವು, ಅಳು ಬರುತ್ತಿತ್ತು, ಮುಚ್ಚಿಡುತ್ತಿದ್ದೆ. ಇದನ್ನು ಪೂರ್ತಿ ಕಲಿತರೆ ಅವಳು ಇನ್ನು ಬಾಯಿಬಿಟ್ಟು ಅಮ್ಮಾ ಅನ್ನುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ನಿಮಗೆ ಡಾಕ್ಟರು ಬೇಡ ಎಂದವಳು ನಾನು. ಒಳಗೆ ನಾನೂ ನಿಮ್ಮ ಹಾಗೆಯೇ ಕಾಯುತ್ತಿದ್ದೆ. ಅಷ್ಟರಲ್ಲಿ ನೀವು ತೊಂಬತ್ತೊಂದು ಅಂಕ ತೆಗೆದು ಚೌಕಟ್ಟು ಹಾಕಿಸಿದಿರಿ. ಬರಲಿ, ನೋಡೋಣ ಎಂದು ಸುಮ್ಮನಿದ್ದೆ.

ಗೇಟಿನ ಬಳಿ ಅವಳು ಕುಸಿದು ಕೂತಾಗ ನಾನು ವಿಡಿಯೋ ತೆಗೆಯುತ್ತಿದ್ದೆ. ಆ ಸನ್ನೆ ಆರನೆಯ ಪಾಠದಲ್ಲಿದೆ. ನಾನು ಅಲ್ಲಿಯವರೆಗೆ ಹೋಗಿದ್ದಿದ್ದರೆ ನಿಮ್ಮ ಕೈ ಹಿಡಿದು ನಿಲ್ಲಿಸುತ್ತಿದ್ದೆ. ಅವಳ ಅಮ್ಮ ನಾನು, ನನಗೇ ಅದು ಗೊತ್ತಿರಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಇವರು ಲಾರಿ ಹತ್ತುವ ಮುಂಚೆ ಅವಳು ಹೊಸ್ತಿಲಲ್ಲಿ ಅಡ್ಡ ನಿಲ್ಲುತ್ತಾಳೆ. ಇವರು ಮಂಡಿಯೂರಿ ಕೂತು, ಅವಳ ಬೆರಳನ್ನು ಮೂಗಿನ ಕೆಳಗೆ ಇಟ್ಟುಕೊಂಡು ಉಸಿರು ಬಿಟ್ಟು ತೋರಿಸಬೇಕು. ಪ್ರತಿ ಸಲ. ಅದನ್ನು ನೋಡಿದಾಗ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಈಗಲೂ. ಅದನ್ನು ಮುಚ್ಚಿಟ್ಟು ಬರೆಯುವುದು ಬೇಡ ಎಂದು ಬರೆದಿದ್ದೇನೆ.

ಇನ್ನೊಂದು ಸಂಗತಿ. ಗೋಡೆಯ ಮೇಲೆ ನಿಮ್ಮ ಫೋಟೋ ಇದೆಯಲ್ಲ, ಮೈಕಿನ ಮುಂದೆ ಕೂತದ್ದು. ಕೆಲವು ದಿನಗಳಿಂದ ಅವಳು ಅದನ್ನು ತೋರಿಸಿ ಅಂಗೈ ಎರಡನ್ನೂ ಮಗುಚಿ, ಆಮೇಲೆ ಜೋರಾಗಿ ಬೆರಳು ಅಲ್ಲಾಡಿಸುತ್ತಾಳೆ. ಮತ್ತೆ ಅದೇ ಭಯ ಎಂದುಕೊಂಡು ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ನೋಡಿ ನಕ್ಕರು. ಭಯವಲ್ಲವಂತೆ. ಅದು ಹೆಸರು. ಸನ್ನೆ ಭಾಷೆಯಲ್ಲಿ ಯಾರೂ ತಮಗೆ ತಾವೇ ಹೆಸರಿಟ್ಟುಕೊಳ್ಳುವ ಹಾಗಿಲ್ಲ, ಕಿವಿ ಕೇಳಿಸದವರಲ್ಲೇ ಒಬ್ಬರು ಕೊಡಬೇಕು. ಕೊಟ್ಟರೆ ನೀವೂ ಅವರಲ್ಲೊಬ್ಬರಾದಿರಿ ಎಂದು ಲೆಕ್ಕ. ನಿಮ್ಮ ಕೋರ್ಸಿನ ಕೊನೆಯ ಪಾಠದಲ್ಲೂ ಇದನ್ನು ಹೇಳಿದ್ದಿರಬೇಕು, ನೀವು ಗಮನಿಸಿರಲಿಕ್ಕಿಲ್ಲ. ಅಪ್ಪ ಸತ್ತಿಲ್ಲ ಎಂದು ತಿಳಿದ ಮೇಲೆ ಅವಳು ಆ ಮಾತನ್ನು ತೆಗೆದು ನಿಮಗೆ ಅಂಟಿಸಿದ್ದಾಳೆ. ಅಂಗೈ ಮಗುಚಿದರೆ ಸತ್ತುಹೋದರು, ಬೆರಳು ಅಲ್ಲಾಡಿಸಿದರೆ ಇಲ್ಲ. ಸತ್ತಿಲ್ಲ. ಅವಳ ತರಗತಿಯಲ್ಲಿ ನಿಮಗೆ ಈಗ ಅದೇ ಹೆಸರು. ಮೊನ್ನೆ ಹುಡುಗಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿ ಸತ್ತಿಲ್ಲ ಯಾವಾಗ ಬರುತ್ತಾರೆ ಎಂದು ಕೇಳಿದಳು. ಅರ್ಥವಾಯಿತು ನನಗೆ.

ಶಾಲೆಯ ಕೋರ್ಸಿನ ವಿಳಾಸವನ್ನು ಈ ಹಾಳೆಯ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದೇನೆ. ಆರನೆಯ ಪಾಠ ಮುಗಿಸಿದ್ದೇನೆ, ಏಳನೆಯದು ಕಷ್ಟವಿದೆ.

ನಿಮ್ಮ ಮಗಳು


ಫೆಬ್ರವರಿ 9

ಮಗಳೇ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದ್ದರಿಂದ ಮಡಿಕೆಯಲ್ಲಿ ಹರಿದಿದೆ. ನಿನ್ನಮ್ಮ ಅದನ್ನು ಓದಿ, "ಸದ್ಯ, ಇಷ್ಟು ದಿನಕ್ಕೆ ಒಂದು ಒಪ್ಪೋ ಹೆಸರು ಸಿಕ್ತು" ಎಂದು ಒಳಗೆ ಹೋದಳು. ಒಳಗೆ ಸ್ವಲ್ಪ ಹೊತ್ತು ಇದ್ದಳು.

ಗ್ರಂಥಾಲಯಕ್ಕೆ ಹೋದೆ. ಮೊದಲ ಪಾಠಕ್ಕೆ ಎರಡು ಕೈ ಬೇಕು. ಅಕ್ಷರಗಳನ್ನು ಇಷ್ಟು ದಿನ ಒಂದೇ ಕೈಯಲ್ಲಿ ಕಲಿತಿದ್ದೆ, ಇನ್ನೊಂದು ಕೈಗೆ ಏನು ಮಾಡಬೇಕೆಂದೇ ತಿಳಿಯುತ್ತಿಲ್ಲ. ಕಲಿತದ್ದನ್ನು ಮರೆಯುವುದು ಗಂಟು ಬಿಚ್ಚುವುದಕ್ಕಿಂತ ಕಷ್ಟ. ಮೇಡಂ ನಿಧಾನವಾಗಿ ತೋರಿಸುತ್ತಾರೆ, ತೋರಿಸಿ ನಾವು ಮಾಡುವವರೆಗೆ ಸುಮ್ಮನೆ ನೋಡುತ್ತ ಕೂರುತ್ತಾರೆ. ಅವರು ಹಾಗೆ ನೋಡುವುದನ್ನು ನಾನೂ ನೋಡುತ್ತಿದ್ದೇನೆ.

ನಿನ್ನನ್ನು ಕೆಲವು ಕೇಳುವುದಿದೆ. ಏಳನೆಯ ಪಾಠದಲ್ಲಿ ನಿನಗೆ ಎಲ್ಲಿ ತೊಡಕಾಗುತ್ತಿದೆ? ಕೆಲಸದಿಂದ ಮನೆಗೆ ಬರುವಾಗ ಎಷ್ಟು ಹೊತ್ತಾಗುತ್ತದೆ, ಬಂದ ಮೇಲೆ ಊಟ ಮಾಡುತ್ತೀಯಾ? ಬುಗುರಿಯ ಮುಂದಿನ ಹಲ್ಲು ಬಿತ್ತೇ? ಕಿಟಕಿಯಲ್ಲಿ ಕೂತು ಅವಳು ಕೇಳುತ್ತಿದ್ದದ್ದು ಏನೆಂದು ಈಗ ನಿನಗೆ ತಿಳಿಯಿತೇ?

ಮತ್ತೆ, ನಾನು ಬರಬಹುದೇ? ಬೇಡ ಎಂದಾದರೆ ಬೇಡ ಎಂದೇ ಬರೆ. ನಿನ್ನ ಉತ್ತರ ಬರುವವರೆಗೆ ಮತ್ತೆ ಕೇಳುವುದಿಲ್ಲ. ಒಂದೇ ಸಲ ಕೇಳಿದ್ದೇನೆ.

ಇತಿ,
ಸತ್ತಿಲ್ಲ